ಹಿತ್ತಲಿನ ಎಲೆ, ಅಪ್ಪನ ಮಾತ್ರೆ

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅರವತ್ತೆರಡು ವರ್ಷದ ನಿಮ್ಮ ತಂದೆಯವರು ಮಧುಮೇಹದ ಮೆಟ್‌ಫಾರ್ಮಿನ್ ಮಾತ್ರೆಯನ್ನು ನಿಲ್ಲಿಸಿ, ಒಂದು ತಿಂಗಳಿಂದ ಬೆಳಿಗ್ಗೆ ‘ಇನ್ಸುಲಿನ್ ಗಿಡ’ದ ಎರಡು ಎಲೆ ಅಗಿದು, ಒಂದು ಲೋಟ ಹಾಗಲಕಾಯಿ ರಸ ಕುಡಿಯುತ್ತಿದ್ದಾರೆ. ಖಾಲಿ ಹೊಟ್ಟೆಯ ಸಕ್ಕರೆ 190ರಿಂದ 150ಕ್ಕೆ ಇಳಿದಿದೆ. “ಗಿಡದ ಔಷಧ ಇರುವಾಗ ಆ ರಾಸಾಯನಿಕ ಯಾಕೆ?” ಎಂದು ಅವರು ಕೇಳಿದರೆ ನಿಮಗೆ ಉತ್ತರ ಹೊಳೆಯುತ್ತಿಲ್ಲ.

ಅವರು ಬಿಟ್ಟಿರುವ ಮಾತ್ರೆಯ ಮೂಲವೂ ಒಂದು ಗಿಡವೇ ಎಂದು ಅವರಿಗೆ ಹೇಳಿ. ಯುರೋಪಿನ ಗಲೇಗಾ ಅಫಿಸಿನಾಲಿಸ್ ಎಂಬ ಗಿಡದ ಗಲೆಜಿನ್ ಎಂಬ ಅಂಶ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಆದರೆ ಅದು ವಿಷವೂ ಹೌದು. ಆ ಗಿಡವನ್ನು ಮೇಯ್ದು ಕುರಿಗಳು ಸತ್ತದ್ದುಂಟು. ಅದೇ ಜಾತಿಯ, ದೇಹ ತಡೆದುಕೊಳ್ಳಬಲ್ಲ ರಾಸಾಯನಿಕಕ್ಕಾಗಿ ವಿಜ್ಞಾನಿಗಳು ದಶಕಗಳ ಕಾಲ ಹುಡುಕಿದರು. 1922ರಲ್ಲೇ ತಯಾರಾಗಿದ್ದ ಮೆಟ್‌ಫಾರ್ಮಿನ್ ಮಧುಮೇಹಿಗಳಿಗೆ ಉಪಯೋಗವಾಗುತ್ತದೆಂದು ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ 1957ರಲ್ಲಿ ಪ್ರಕಟಿಸಿದರು. ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು, ಮೂತ್ರಪಿಂಡ ಸೋತವರಲ್ಲಿ ಏನಾಗುತ್ತದೆ ಎಂಬುದೆಲ್ಲ ಆಮೇಲಿನ ವರ್ಷಗಳಲ್ಲಿ ತಿಳಿಯುತ್ತ ಬಂತು. ನಿಮ್ಮ ಹಿತ್ತಲಿನ ಎಲೆಯ ಬಗ್ಗೆ ಈ ತಿಳಿವಳಿಕೆ ಇನ್ನೂ ಕೂಡಿಬಂದಿಲ್ಲ.

ಆ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಒಂದು ಪ್ರೋಟೀನ್, ಬಾಯಿಂದ ನುಂಗಿದರೆ ಹೊಟ್ಟೆಯಲ್ಲೇ ಅರಗಿಹೋಗುತ್ತದೆ. ಬ್ರೆಜಿಲ್ ಮೂಲದ ಈ ಗಿಡದ ಎಲೆ ಇಲಿಗಳಲ್ಲಿ ಸಕ್ಕರೆ ಇಳಿಸಿದ್ದು ನಿಜ. ಅಷ್ಟರಿಂದ ಮನುಷ್ಯನಿಗೆ ಮಾತ್ರೆಯ ಬದಲು ಎಲೆ ಸಾಕು ಎನ್ನಲಾಗದು. ಹಾಗಲಕಾಯಿಯಲ್ಲಿ ಗುಣವಿದ್ದರೂ ಅದು ಅಲ್ಪ, ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅದನ್ನು ಪಲ್ಯ, ಗೊಜ್ಜು ಮಾಡಿ ಊಟದ ಜೊತೆ ತಿನ್ನಲಿ.

ಮೆಂತ್ಯದ ಬಗ್ಗೆ ನನಗೆ ಹೆಚ್ಚು ಭರವಸೆಯಿದೆ. ನೆನೆಸಿದ ಕಾಳಿನ ಲೋಳೆಯನ್ನು ಬೆರಳಲ್ಲಿ ಮುಟ್ಟಿ ನೋಡಿ. ಆ ನಾರು ಕರುಳಿನಲ್ಲಿ ಅನ್ನದ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ನನ್ನ ತಾಯಿಯೂ ವರ್ಷಗಟ್ಟಲೆ ರಾತ್ರಿ ಮೆಂತ್ಯ ನೆನೆಸಿಟ್ಟು ಬೆಳಿಗ್ಗೆ ತಿನ್ನುತ್ತಿದ್ದರು, ಆದರೆ ಮಾತ್ರೆಯನ್ನು ಒಂದು ದಿನವೂ ತಪ್ಪಿಸಲಿಲ್ಲ.

ಹಾಗಾದರೆ 40 ಅಂಕ ಇಳಿದದ್ದು ಹೇಗೆ? ಅಪ್ಪ ಇದೇ ತಿಂಗಳು ಕಾಫಿಗೆ ಸಕ್ಕರೆ ಹಾಕುವುದನ್ನು ಬಿಟ್ಟು, ಸಂಜೆ ಕೆರೆಯ ಏರಿಯ ಮೇಲೆ ನಡೆಯಲು ಶುರುಮಾಡಿದ್ದಾರೆ ಎಂದು ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ಆ ಶ್ರೇಯಸ್ಸು ಎಲೆಗಿಂತ ಅವರ ಕಾಲುಗಳಿಗೆ ಸಲ್ಲಬೇಕು ಎಂದು ನನಗನಿಸುತ್ತದೆ. ಇದನ್ನು ಅವರಿಗೆ ಸಂತೋಷದಿಂದ ಹೇಳಿ. ಜೊತೆಗೆ, 150 ಎಂಬುದು ಇನ್ನೂ ಹೆಚ್ಚೇ ಎಂಬುದನ್ನೂ ತಿಳಿಸಿ. ಮಧುಮೇಹ ನೋವು ಕೊಡದೆ ಕಣ್ಣಿನ ಪರದೆಯನ್ನು, ಮೂತ್ರಪಿಂಡವನ್ನು, ಪಾದದ ನರವನ್ನು ಸವೆಸುತ್ತದೆ. ಅವರು ಆರಾಮಾಗಿದ್ದಾರೆ ಎಂಬ ನಿಮ್ಮ ಮಾತೇ ನನ್ನನ್ನು ಹೆಚ್ಚು ಚಿಂತೆಗೀಡು ಮಾಡಿತು.

ಈ ವಾರವೇ ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ. ಎಲೆ, ರಸ ಎಲ್ಲವನ್ನೂ ಮುಚ್ಚಿಡದೆ ಹೇಳಿ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಚುಚ್ಚುಮದ್ದಿನ ಜೊತೆ ಇಂಥ ರಸ ಸೇರಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಹೆಸರಿಲ್ಲದ ಪೊಟ್ಟಣದ ಪುಡಿಗಳು ಮನೆಗೆ ಬರುವುದಂತೂ ಬೇಡ. ಅಂಥವುಗಳಲ್ಲಿ ಅಲೋಪತಿ ಮಾತ್ರೆಯನ್ನೇ ಅರೆದು ಬೆರೆಸಿದ್ದು ಹಲವು ಸಲ ಪತ್ತೆಯಾಗಿದೆ. ಹುಟ್ಟಿನಿಂದಲೋ ಎಳವೆಯಿಂದಲೋ ಇನ್ಸುಲಿನ್ ಮೇಲೇ ಬದುಕಿರುವ ಮಕ್ಕಳು ನಿಮ್ಮ ಬಂಧುಗಳಲ್ಲಿದ್ದರೆ ಅವರಿಗೆ ಎಲೆಯ ಮಾತನ್ನೇ ಎತ್ತಬೇಡಿ. ಚುಚ್ಚುಮದ್ದು ನಿಂತರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ.

ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಅಂಕಿ ಬಂದ ಮೇಲೆ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ