ಸ್ಲೈಡರ್ ಏಕೆ ಅಲುಗುವುದಿಲ್ಲ?

ಪ್ರಶ್ನೆ: ತರಗತಿಗಾಗಿ ಪೈಥಾನ್‌ನಲ್ಲಿ ಸೈನ್ ಅಲೆಯ ನಕ್ಷೆ ಬರೆದು, ಆವರ್ತನ ಮತ್ತು ಎತ್ತರಗಳನ್ನು ಬದಲಿಸಲು ಒಂದು ಫಂಕ್ಷನ್ನಿನೊಳಗೆ ನಕ್ಷೆ ಬರೆಯುವ ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್‌ನ ಸ್ಲೈಡರ್‌ಗಳನ್ನು (ಎಳೆದು ಮೌಲ್ಯ ಬದಲಿಸುವ ಗುಂಡಿಗಳನ್ನು) ಜೋಡಿಸಿದ್ದೇನೆ. ಅವು ಕಾಣಿಸುತ್ತವೆ, ಆದರೆ ಎಳೆದರೆ ಅಲುಗುವುದಿಲ್ಲ. ಏಕೆ?

ಉತ್ತರ: ಫಂಕ್ಷನ್ ಮುಗಿದ ಮೇಲೆ ಸ್ಲೈಡರನ್ನು ಯಾವ ಹೆಸರೂ ಹಿಡಿದಿಟ್ಟುಕೊಳ್ಳದಿದ್ದರೆ, ಪೈಥಾನ್ ಅದನ್ನು ಬೇಡವಾದ ವಸ್ತುವೆಂದು ಮೆಮೊರಿಯಿಂದ ತೆಗೆದುಹಾಕುತ್ತದೆ, ತೆರೆಯ ಮೇಲೆ ಉಳಿಯುವುದು ಅದರ ಚಿತ್ರ ಮಾತ್ರ. ಆದ್ದರಿಂದ ಫಂಕ್ಷನ್ ಸ್ಲೈಡರ್‌ಗಳನ್ನು ಹಿಂದಿರುಗಿಸಲಿ, ನೀವು ಅವುಗಳನ್ನು ಹೊರಗೊಂದು ಚರದಲ್ಲಿ ಇಟ್ಟುಕೊಳ್ಳಿ. ಸ್ಲೈಡರಿನ ಮೌಲ್ಯ ಬದಲಾದಾಗ ನಕ್ಷೆಯನ್ನೆಲ್ಲ ಅಳಿಸಿ ಬರೆಯುವುದಕ್ಕಿಂತ, ‘ಸೆಟ್ ವೈಡೇಟಾ’ (set_ydata) ಆಜ್ಞೆಯಿಂದ ಗೆರೆಯ ಬಿಂದುಗಳನ್ನಷ್ಟೇ ಬದಲಿಸಿ ತೆರೆಯನ್ನು ಮತ್ತೆ ಬರೆಸುವ ‘ಡ್ರಾ ಐಡಲ್’ (draw_idle) ಕರೆಯುವುದೇ ಉತ್ತಮವೆಂದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಆಗ ಅಲೆ ತಡವರಿಸದೆ ಬದಲಾಗುತ್ತದೆ. ಬ್ರೌಸರಿನಲ್ಲೇ ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್ಕಿನಲ್ಲಾದರೆ, ಸ್ಲೈಡರ್‌ಗಳನ್ನು ಒದಗಿಸುವ ಐಪಿವಿಜೆಟ್ಸ್ (ipywidgets) ಲೈಬ್ರರಿಯ ‘ಇಂಟರ್‌ಆ್ಯಕ್ಟ್’ ಇನ್ನೂ ಸುಲಭ. ಅಲ್ಲಿ ವೈ ಅಕ್ಷದ ಮಿತಿಯನ್ನು ಮಾತ್ರ ಮರೆಯದೆ ಸ್ಥಿರಗೊಳಿಸಿ. ಇಲ್ಲದಿದ್ದರೆ ಅಕ್ಷವೇ ಹಿಗ್ಗಿ, ಅಲೆ ಎತ್ತರವಾದದ್ದು ಮಕ್ಕಳ ಕಣ್ಣಿಗೆ ಬೀಳದು.