ನಲವತ್ತು ದಾಟಿದವರು ಆಟದ ಕಾರು ಕೂಡಿಡುವುದು ಹುಚ್ಚಲ್ವಾ?

ಹುಚ್ಚು ಅಂದರೂ ಸರಿ, ಒಮ್ಮೆ ಅಂಟಿಕೊಂಡರೆ ಬಿಡುವುದಿಲ್ಲ. ಚಿಕ್ಕಂದಿನಲ್ಲಿ ಹಟ ಮಾಡಿದರೂ ಸಿಗದಿದ್ದನ್ನು ಈಗ ಸ್ವಂತ ದುಡ್ಡಲ್ಲಿ ತಗೊಳ್ಳುತ್ತೇವೆ, ಅಷ್ಟೇ.

ನಾನು ಕೂಡಿಡುವುದು ಹಾಟ್ ವೀಲ್ಸ್. ಅಮೆರಿಕದ ಮ್ಯಾಟೆಲ್ ಕಂಪನಿ 1968ರಲ್ಲಿ 16 ಕಾರುಗಳಿಂದ ಶುರು ಮಾಡಿದ್ದು. ಮಕ್ಕಳು ಬಣ್ಣ ನೋಡಿ ಎತ್ತಿಕೊಳ್ಳುತ್ತಾರೆ, ನಾವು ಟೈರು ನೋಡುತ್ತೇವೆ! 1995ರಿಂದ 'ಟ್ರೆಷರ್ ಹಂಟ್' ಅಂತ ಕೆಲವು ಕಾರುಗಳನ್ನು ಕಡಿಮೆ ಸಂಖ್ಯೆಯಲ್ಲಿ ಬಿಡುತ್ತಾರೆ. ಈಗಿನವುಗಳ ಮೈಮೇಲೆ ಎಲ್ಲೋ ಒಂದು ಕಡೆ ಸಣ್ಣ ಜ್ವಾಲೆಯ ಗುರುತು ಇರುತ್ತದೆ. ಅದರಲ್ಲೂ 'ಸೂಪರ್ ಟ್ರೆಷರ್ ಹಂಟ್' ಆದರೆ ರಬ್ಬರ್ ಟೈರು, ಮಿರಮಿರ ಹೊಳೆಯುವ ಬಣ್ಣ. ಮಾಮೂಲಿ ಕಾರಿಗೆ ಪ್ಲಾಸ್ಟಿಕ್ ಚಕ್ರ. ಅದಕ್ಕೇ ಅಂಗಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಳಗಿನ ಸಾಲನ್ನೆಲ್ಲ ಜಾಲಾಡುವುದು.

ಪ್ಯಾಕ್ ಒಡೆದರೆ ಮಾರುವಾಗ ಬೆಲೆ ಇಳಿಯುತ್ತದೆ. ನಾನಂತೂ ಮನೆಗೆ ಬಂದ ತಕ್ಷಣ ಒಡೆದು, ಊಟದ ಮೇಜಿನ ಮೇಲೆ ಒಂದು ಸುತ್ತು ಓಡಿಸುತ್ತೇನೆ.