ಡಿಗ್ರಿ ಮುಗಿಸಿ ಎನ್‌ಬಿಎಗೆ ಹೋದರೆ ಏನು ನಷ್ಟ?

ನಿಮ್ಮ ಪ್ರಶ್ನೆ ಹೀಗಿದೆ: “ಅಮೆರಿಕದಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಆಡುವ ಹುಡುಗರು ಒಂದೆರಡು ವರ್ಷಕ್ಕೇ ಓದು ಬಿಟ್ಟು ಎನ್‌ಬಿಎಗೆ ಹೋಗುತ್ತಾರಲ್ಲ, ದುಡುಕು ಅಲ್ವಾ ಅದು? ಡಿಗ್ರಿ ಮುಗಿಸಿ ಹೋದರೆ ಏನು ನಷ್ಟ?”

ಕೆಲವರಿಗೆ ಏನೂ ನಷ್ಟವಿಲ್ಲ. ಕೆಲವರಿಗೆ ಇಡೀ ಜೀವನದ ದುಡಿಮೆಯೇ ಕೈತಪ್ಪುತ್ತದೆ. ಯಾರಿಗೆ ಯಾವುದು ಅನ್ನುವುದು ಹೆಚ್ಚುಕಡಿಮೆ ಒಂದೇ ಸಂಗತಿಯ ಮೇಲೆ ನಿಂತಿದೆ: ಜೂನ್ ತಿಂಗಳ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ಅನ್ನುವ ವೃತ್ತಿಪರ ಲೀಗ್‌ನ ತಂಡಗಳು ಹೊಸಬರನ್ನು ಆರಿಸಿಕೊಳ್ಳುವಾಗ, ಅವನ ಹೆಸರು ಎಷ್ಟನೆಯದಾಗಿ ಬರುತ್ತದೆ. ಇದು ನನಗೆ ಅರ್ಥವಾಗಿದ್ದು ತಡವಾಗಿ, ಒಬ್ಬ ಹುಡುಗನಿಗೆ ಸಲಹೆ ಕೊಟ್ಟಾದ ಮೇಲೆ. ಅವನ ವಿಷಯದಿಂದಲೇ ಶುರು ಮಾಡುತ್ತೇನೆ.

ಪಿಎಚ್‌ಡಿಗೆಂದು ಅಮೆರಿಕಕ್ಕೆ ಬಂದ ಹೊಸತರಲ್ಲಿ ನಾನು ಸಂಜೆ ಹೊತ್ತು ನಮ್ಮ ಯೂನಿವರ್ಸಿಟಿಯ ಆಟಗಾರರಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುತ್ತಿದ್ದೆ. ಅವರಲ್ಲೊಬ್ಬ ಬಾಸ್ಕೆಟ್‌ಬಾಲ್ ತಂಡದವನು. ಎರಡನೇ ವರ್ಷ, ಆರು ಅಡಿ ಎಂಟು ಇಂಚು. ಪ್ರಾಕ್ಟೀಸ್ ಮುಗಿಸಿ ನೇರ ಬರುತ್ತಿದ್ದ. ಎರಡೂ ಮೊಣಕಾಲಿಗೆ ಐಸ್ ಚೀಲ ಇಟ್ಟು ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿರುತ್ತಿದ್ದರು. ಒಂದು ಕುರ್ಚಿಯಲ್ಲಿ ಅವನು, ಎದುರಿನ ಕುರ್ಚಿಯಲ್ಲಿ ಅವನ ಕಾಲು. ಪಾಠ ಮುಗಿಯುವಷ್ಟರಲ್ಲಿ ಐಸ್ ಕರಗಿ ಮೇಜಿನ ಕೆಳಗೆ ನೀರು ನಿಂತಿರುತ್ತಿತ್ತು. ಹೊರಡುವಾಗ ಅವನೇ ಟಿಶ್ಯೂ ತಂದು, ಬಗ್ಗಿ, ಪೂರ್ತಿ ಒರೆಸಿ ಹೋಗುತ್ತಿದ್ದ. ಇಪ್ಪತ್ತು ವರ್ಷದ ಹುಡುಗನ ಮೊಣಕಾಲಿಗೆ ದಿನಾ ಐಸ್ ಬೇಕಾಗುತ್ತದೆ ಅಂದರೆ ಏನರ್ಥ ಅಂತ ನಾನು ಆಗ ಯೋಚಿಸಲೇ ಇಲ್ಲ.

2018ರ ಏಪ್ರಿಲ್. ಸೀಸನ್ ಮುಗಿದಿತ್ತು, ಡ್ರಾಫ್ಟ್‌ಗೆ ಹೆಸರು ಕೊಟ್ಟಿದ್ದ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಪ್ರತಿ ವರ್ಷ ಎನ್‌ಬಿಎಯ 30 ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಎರಡು ಸುತ್ತು, ಹೆಚ್ಚೆಂದರೆ 60 ಹೆಸರು. ಇತ್ತ ಮೇಲಿನ ಹಂತದ ಕಾಲೇಜು ತಂಡಗಳೇ 350ಕ್ಕೂ ಜಾಸ್ತಿ ಇವೆ. ಹೆಸರು ಕೊಟ್ಟು, ತಂಡಗಳ ಮುಂದೆ ಆಡಿ ತೋರಿಸಿ, ಶಿಕಾಗೋದ ಆಯ್ಕೆ ಶಿಬಿರ ಮುಗಿದ ಕೆಲವು ದಿನಗಳೊಳಗೆ ಹೆಸರು ವಾಪಸ್ ಪಡೆಯಬಹುದು. 2016ರಲ್ಲಿ ಬಂದ ಒಳ್ಳೆಯ ಅನುಕೂಲ ಅದು. ವಾಪಸ್ ಪಡೆಯದೆ ಉಳಿದರೆ ಕಾಲೇಜು ತಂಡದ ಬಾಗಿಲು ಮುಚ್ಚಿದ ಹಾಗೇ.

ಇವನಿಗೆ ಬಂದ ಅಂದಾಜು: ಮೊದಲ ಸುತ್ತಿನ ಕೊನೆಯ ಭಾಗ. ಆ ವಾರ ನಾವು ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ ಪಾಠದಲ್ಲಿದ್ದೆವು, ಅಂದರೆ ಒಂದೊಂದು ಫಲಿತಾಂಶದ ಸಾಧ್ಯತೆಯನ್ನೂ ಲಾಭವನ್ನೂ ಗುಣಿಸಿ ಕೂಡಿ ನೋಡುವ ಲೆಕ್ಕ. ಅವನು ನೋಟ್‌ಬುಕ್‌ನಲ್ಲಿ ಮೂರು ಸಾಲು ಬರೆದ. ಮೊದಲ ಸುತ್ತು, ಎರಡನೇ ಸುತ್ತು, ಯಾವುದೂ ಇಲ್ಲ. ಮೊದಲ ಸುತ್ತಿನ ಎದುರು ಎರಡು ವರ್ಷದ ಖಾತ್ರಿ ಸಂಬಳ, 30 ಲಕ್ಷ ಡಾಲರ್‌ಗೆ ಮೇಲೆ. ಕೊನೆಯ ಸಾಲಿನ ಎದುರು 35,000 ಡಾಲರ್. ಎನ್‌ಬಿಎಯ ಕೆಳಗಿನ ಜಿ ಲೀಗ್‌ನಲ್ಲಿ ಮುಂದಿನ ಸೀಸನ್‌ಗೆ ನಿಗದಿಯಾಗಿದ್ದ ಸಂಬಳ ಅದು. ಇಷ್ಟೂ ಪಾಠದ ಲೆಕ್ಕವೇ. ಆಮೇಲೆ ಹಾಳೆಯ ತಳದಲ್ಲಿ, ಸಣ್ಣ ಅಕ್ಷರದಲ್ಲಿ, ಅಮ್ಮನ ಮನೆ ಬಾಡಿಗೆ ಎಷ್ಟು ಅಂತ ಬರೆದ. ಅವರಮ್ಮ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು.

“ನಾನು ನಿಮ್ಮ ತಮ್ಮ ಆಗಿದ್ದರೆ ಏನು ಹೇಳ್ತಿದ್ರಿ?” ಅಂತ ಕೇಳಿದ.

ಮೊದಲು ಓದು ಮುಗಿಸು ಅಂದೆ. ನಮ್ಮ ಮನೆಗಳಲ್ಲಿ ಇನ್ನೇನು ಹೇಳುತ್ತಾರೆ ಹೇಳಿ? ಕುಂಬ್ಳೆ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದವರು, ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಇಂಜಿನಿಯರಿಂಗ್ ಮಾಡಿದವರು ಅಂತ ಕೇಳಿಕೊಂಡೇ ನಾನು ಬೆಳೆದದ್ದು. ಆದರೆ ಅವರು ಭಾರತಕ್ಕೆ ಆಡಲು ಕಾಲೇಜು ತಂಡ ಬಿಡಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ಇರಲಿಲ್ಲ. ಇಲ್ಲಿ ಕಾಲೇಜು ತಂಡವೇ ಮೆಟ್ಟಿಲು, ಮತ್ತು ಆಗ ಅದರ ಮೇಲೆ ನಿಂತಿರುವಷ್ಟು ದಿನ ಫೀಸು, ವಸತಿ, ಊಟ, ಕೈಖರ್ಚು ಬಿಟ್ಟು ಸಂಬಳ ಅಂತ ಏನೂ ಇರಲಿಲ್ಲ.

ನನ್ನೊಬ್ಬನ ಮಾತಿಗೆ ಅವನು ನಿಂತ ಅಂತಲ್ಲ. ಆದರೂ ನಿಂತ. ಹೆಸರು ವಾಪಸ್ ಪಡೆದ. ಮುಂದಿನ ಜನವರಿಯಲ್ಲಿ ಪ್ರಾಕ್ಟೀಸ್‌ನಲ್ಲಿ ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ವಾಪಸ್ ಬಂದಾಗ ಮೊದಲಿನ ನೆಗೆತ ಇರಲಿಲ್ಲ. ಯಾವ ತಂಡವೂ ಅವನನ್ನು ಆರಿಸಲಿಲ್ಲ. ಡಿಗ್ರಿ ಮುಗಿಸಿದ, ಈಗ ಯುರೋಪಿನಲ್ಲಿ ಆಡುತ್ತಿದ್ದಾನೆ, ಜೀವನ ನಡೀತಿದೆ. ನನ್ನ ಮೇಲೆ ಅವನಿಗೆ ಬೇಸರವಿಲ್ಲ. ನನಗಿದೆ.

ಅವನೊಬ್ಬನದೇ ಕಥೆ ಅಲ್ಲ ಇದು. ಅದೇ 2018ರಲ್ಲಿ ಮಿಸೌರಿ ಯೂನಿವರ್ಸಿಟಿಯ ಜಾಂಟೆ ಪೋರ್ಟರ್ ಹೆಸರು ವಾಪಸ್ ಪಡೆದು ಕಾಲೇಜಿಗೆ ಮರಳಿದರು. ಅಕ್ಟೋಬರ್‌ನಲ್ಲಿ ಮೊಣಕಾಲು ಹೋಯಿತು, ಮಾರ್ಚ್‌ನಲ್ಲಿ ಅದೇ ಮೊಣಕಾಲು ಮತ್ತೆ. 2019ರ ಡ್ರಾಫ್ಟ್‌ನಲ್ಲಿ ಅವರ ಹೆಸರೇ ಬರಲಿಲ್ಲ. ಇದಕ್ಕೆ ತದ್ವಿರುದ್ಧ ಗ್ರೆಗ್ ಓಡನ್. ಒಹಾಯೊ ಸ್ಟೇಟ್‌ನಲ್ಲಿ ಒಂದೇ ವರ್ಷ ಆಡಿ 2007ರಲ್ಲಿ ಮೊದಲ ನಂಬರಿಗೆ ಆಯ್ಕೆಯಾದರು. ಆ ಸೆಪ್ಟೆಂಬರ್‌ನಲ್ಲೇ ಮೊಣಕಾಲಿಗೆ ಆಪರೇಷನ್. ಎನ್‌ಬಿಎಯಲ್ಲಿ ಒಟ್ಟು ಆಡಿದ್ದು 105 ಪಂದ್ಯ. ಜನ ಅವರನ್ನು ಸೋತವರ ಪಟ್ಟಿಗೆ ಸೇರಿಸುತ್ತಾರೆ. ನಾನು ಬೇರೆ ಥರ ನೋಡುತ್ತೇನೆ. ಇನ್ನೊಂದು ವರ್ಷ ಕಾಲೇಜಿನಲ್ಲೇ ಇರೋಣ ಅಂದುಕೊಂಡಿದ್ದರೆ, ಅದೇ ಮೊಣಕಾಲು ಅದೇ ಸೆಪ್ಟೆಂಬರ್‌ನಲ್ಲಿ ಕೈಕೊಟ್ಟಿದ್ದರೆ, ಕೈಯಲ್ಲಿ ಏನು ಉಳಿಯುತ್ತಿತ್ತು?

ಇನ್ನೊಂದು ಲೆಕ್ಕ ಹೊರಗಿನವರಿಗೆ ಕಾಣುವುದಿಲ್ಲ. ಮೊದಲ ಸುತ್ತಿನಲ್ಲಿ ಬಂದವನ ಸಂಬಳ ಅವನ ನಂಬರಿಗೆ ತಕ್ಕಂತೆ ಮೊದಲೇ ನಿಗದಿ. ಎರಡು ವರ್ಷ ಖಾತ್ರಿ, ಮುಂದಿನ ಎರಡು ವರ್ಷ ತಂಡದ ಇಷ್ಟ. ಎಷ್ಟೇ ಚೆನ್ನಾಗಿ ಆಡಿದರೂ ಆ ನಾಲ್ಕು ವರ್ಷ ಅಷ್ಟೇ. ದೊಡ್ಡ ದುಡ್ಡು ಇರುವುದು ಎರಡನೇ ಒಪ್ಪಂದದಲ್ಲಿ. 19ಕ್ಕೆ ಒಳಗೆ ಹೋದವನು 23ಕ್ಕೆ ಅಲ್ಲಿಗೆ ತಲುಪುತ್ತಾನೆ, 22ಕ್ಕೆ ಹೋದವನು 26ಕ್ಕೆ. ಮೂವತ್ತೈದರ ಹೊತ್ತಿಗೆ ಹೆಚ್ಚಿನವರ ಆಟ ಮುಗಿದಿರುತ್ತದೆ. ಆರಂಭದಲ್ಲಿ ಕಳೆದ ಮೂರು ವರ್ಷಕ್ಕೆ ಬೆಲೆ ತೆರಬೇಕಾಗುವುದು ಕೊನೆಯಲ್ಲಿ. ಜೊತೆಗೆ ತಂಡಗಳಿಗೂ ಎಳೆಯ ಹುಡುಗರೇ ಬೇಕು. ಇಬ್ಬರ ಆಟ ಒಂದೇ ಮಟ್ಟದ್ದಾದರೆ, ಇನ್ನೂ ಬೆಳೀತಾನೆ ಅಂತ 19ರವನನ್ನೇ ಮೊದಲು ಆರಿಸುತ್ತಾರೆ.

ಬೇಗ ಹೋಗುವ ಹಕ್ಕೂ ಸುಮ್ನೆ ಬಂದಿದ್ದಲ್ಲ. ಹೈಸ್ಕೂಲ್ (ಇಲ್ಲಿ ಅದು 12ನೇ ತರಗತಿವರೆಗೆ) ಮುಗಿದು ನಾಲ್ಕು ವರ್ಷ ಆಗುವವರೆಗೆ ಎನ್‌ಬಿಎಗೆ ಬರುವಂತಿಲ್ಲ ಅಂತ ಮೊದಲು ನಿಯಮವಿತ್ತು. ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ದುಡಿದು ಬೆಳೆದ ಸ್ಪೆನ್ಸರ್ ಹೇವುಡ್ ಅದರ ವಿರುದ್ಧ ಕೋರ್ಟಿಗೆ ಹೋದರು. 1971ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಆಮೇಲೆ ಹೈಸ್ಕೂಲಿನಿಂದ ನೇರ ಹೋದವರೂ ಇದ್ದಾರೆ: 1995ರಲ್ಲಿ ಗಾರ್ನೆಟ್, 1996ರಲ್ಲಿ ಕೋಬಿ, 2003ರಲ್ಲಿ ಲೆಬ್ರಾನ್. ಎನ್‌ಬಿಎ ಮತ್ತು ಆಟಗಾರರ ಸಂಘದ ನಡುವಿನ 2005ರ ಒಪ್ಪಂದದಲ್ಲಿ ಕನಿಷ್ಠ 19 ವರ್ಷ, ಹೈಸ್ಕೂಲಿನ ನಂತರ ಒಂದು ವರ್ಷ ಕಳೆದಿರಬೇಕು ಅಂತಾಯಿತು. ನೀವು ನೋಡುವ ಒಂದೇ ವರ್ಷದ ಕಾಲೇಜು ಹುಟ್ಟಿದ್ದು ಅಲ್ಲಿಂದ.

ಹಾಗಾದರೆ ಓದು? ಡಿಗ್ರಿ ಎಲ್ಲಿಗೂ ಓಡಿಹೋಗುವುದಿಲ್ಲ. ಮೈಕೆಲ್ ಜೋರ್ಡನ್ ಮೂರನೇ ವರ್ಷ ಮುಗಿಸಿ 1984ರಲ್ಲಿ ಹೊರಟರು, 1986ರಲ್ಲಿ ಜಿಯಾಗ್ರಫಿ ಡಿಗ್ರಿ ಪಡೆದರು. ಶಾಕಿಲ್ ಓನೀಲ್ 1992ರಲ್ಲಿ ಬಿಟ್ಟ ಓದನ್ನು 2000ದಲ್ಲಿ ಮುಗಿಸಿದರು. ಸ್ಟೆಫ್ ಕರಿ 2009ರಲ್ಲಿ ಡೇವಿಡ್‌ಸನ್ ಕಾಲೇಜು ಬಿಟ್ಟವರು, 2022ರಲ್ಲಿ ಡಿಗ್ರಿ ಪೂರೈಸಿದರು. ನನಗೆ ತುಂಬ ಇಷ್ಟವಾದದ್ದು ವಿನ್ಸ್ ಕಾರ್ಟರ್ ಅವರದು. 2001ರ ಮೇ 20ರ ಬೆಳಗ್ಗೆ ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿಯಲ್ಲಿ ಪದವಿ ಸಮಾರಂಭಕ್ಕೆ ಹೋದರು. ಅಲ್ಲಿಂದ ವಿಮಾನ ಹತ್ತಿ ಫಿಲಡೆಲ್ಫಿಯಾಗೆ ಬಂದು ಅದೇ ದಿನ ಪ್ಲೇಆಫ್‌ನ (ಸೀಸನ್ ಕೊನೆಯ ನಾಕೌಟ್ ಸರಣಿಯ) ನಿರ್ಣಾಯಕ ಏಳನೇ ಪಂದ್ಯ ಆಡಿದರು. ಕೊನೆಯ ಶಾಟ್ ತಪ್ಪಿತು. ಅವರ ತಂಡ ಟೊರಾಂಟೊ ಒಂದೇ ಪಾಯಿಂಟ್‌ನಿಂದ ಸೋತಿತು. ಸಮಾರಂಭಕ್ಕೆ ಯಾಕೆ ಹೋಗಬೇಕಿತ್ತು ಅಂತ ಜನ ಬೈದರು. ಬೇಗ ಹೋದರೆ ಓದು ಬಿಟ್ಟ ಅನ್ನುತ್ತಾರೆ, ಓದು ಮುಗಿಸಿದರೆ ಆಟ ಬಿಟ್ಟ ಅನ್ನುತ್ತಾರೆ. ಪಾಪ, ಆ ಹುಡುಗರು ಯಾರ ಮಾತು ಕೇಳಬೇಕು?

ಇಷ್ಟು ಹೇಳಿದೆ ಅಂತ ಎಲ್ಲರೂ ಬೇಗ ಹೋಗಬೇಕು ಅಂತ ತಿಳಿಯಬೇಡಿ. ಟಿಮ್ ಡಂಕನ್ ತೀರಿಹೋದ ತಾಯಿಗೆ ಕೊಟ್ಟ ಮಾತಿಗಾಗಿ ವೇಕ್ ಫಾರೆಸ್ಟ್‌ನಲ್ಲಿ ನಾಲ್ಕೂ ವರ್ಷ ಓದಿದರು. 1997ರಲ್ಲಿ ಮೊದಲ ನಂಬರಿಗೇ ಬಂದರು. ಬಹಾಮಾಸ್‌ನ ಬಡ್ಡಿ ಹೀಲ್ಡ್ ಒಕ್ಲಹೋಮಾದಲ್ಲಿ ಕೊನೆಯ ವರ್ಷಕ್ಕೆ ನಿಂತದ್ದರಿಂದ 2016ರಲ್ಲಿ 6ನೇ ನಂಬರಿಗೆ ಏರಿದರು. ಎರಡನೇ ಸುತ್ತಿನ ಆಸೆಗೆ ಹೊರಡುವವರ ಬಗ್ಗೆ ನನಗೆ ನಿಜವಾಗಿ ಭಯ. ಅಲ್ಲಿ ಸಂಬಳದ ಖಾತ್ರಿ ಇಲ್ಲ. ನಮ್ಮವರಿಗೆ ಹತ್ತಿರದ ಉದಾಹರಣೆ ಸಿಮ್ ಭುಲ್ಲರ್. ಟೊರಾಂಟೊದ ಪಂಜಾಬಿ ಕುಟುಂಬದ ಏಳು ಅಡಿ ಐದು ಇಂಚಿನ ಹುಡುಗ, ನ್ಯೂ ಮೆಕ್ಸಿಕೊ ಸ್ಟೇಟ್‌ನಲ್ಲಿ ಎರಡು ಸೀಸನ್ ಆಡಿ 2014ರಲ್ಲಿ ಹೊರಟರು. ಯಾರೂ ಆರಿಸಲಿಲ್ಲ. 2015ರ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ತಂಡ ಹತ್ತು ದಿನದ ಒಪ್ಪಂದ ಕೊಟ್ಟಿತು. ಎನ್‌ಬಿಎಯಲ್ಲಿ ಆಡಿದ ಮೊದಲ ಭಾರತೀಯ ಮೂಲದವರು ಅಂತ ನಾವೆಲ್ಲ ಹೆಮ್ಮೆಪಟ್ಟೆವು. ಮೂರು ಪಂದ್ಯ, ಅಷ್ಟಕ್ಕೇ ಮುಗಿಯಿತು.

ಈಗ ಲೆಕ್ಕ ಮತ್ತೆ ಬದಲಾಗಿದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಎಲ್ಲ ಆಟಗಳಿಗೂ ಸೇರಿ ಒಂದು ಕಾಲೇಜಿಗೆ 2.05 ಕೋಟಿ ಡಾಲರ್ ಮಿತಿ. ದುಡಿಮೆಯ ದಾರಿ ತೆರೆದುಕೊಂಡ ಪರಿಣಾಮ ಕಣ್ಣಿಗೆ ಕಾಣುತ್ತಿದೆ. 2021ರಲ್ಲಿ ಅವಧಿಗೆ ಮುಂಚೆ ಡ್ರಾಫ್ಟ್‌ಗೆ ಹೆಸರು ಕೊಟ್ಟವರು 350ಕ್ಕೂ ಜಾಸ್ತಿ, 2025ರಲ್ಲಿ ನೂರರ ಆಸುಪಾಸು. ನಮ್ಮ ಕಡೆಯ ಅಪ್ಪ-ಅಮ್ಮಂದಿರಿಗೆ ಒಂದು ಮಾತು: ಸ್ಟೂಡೆಂಟ್ ವೀಸಾದಲ್ಲಿ ಬಂದ ಮಕ್ಕಳಿಗೆ ಈ ದುಡ್ಡು ಅಷ್ಟು ಸಲೀಸಲ್ಲ. ವೀಸಾ ನಿಯಮ ಅಡ್ಡ ಬರುತ್ತದೆ. ಕೆನಡಾದ ಝ್ಯಾಕ್ ಈಡಿ ಪರ್ಡ್ಯೂನಲ್ಲಿ ಎರಡು ಸಲ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಅನ್ನಿಸಿಕೊಂಡರೂ ಅಮೆರಿಕದ ನೆಲದಲ್ಲಿ ಈ ಥರ ದುಡಿಯಲು ಆಗದೆ ಒದ್ದಾಡಿದರು.

ಮೊನ್ನೆ ಆ ಹುಡುಗ ಫೋನ್ ಮಾಡಿದ್ದ. ಹುಡುಗ ಅಂತಲೇ ಬಾಯಿಗೆ ಬರುತ್ತದೆ, ಈಗ ಅವನಿಗೂ ಒಬ್ಬ ಮಗ ಇದ್ದಾನೆ. ತನ್ನ ಊರಿನ ಪಕ್ಕದ ಮನೆಯವನೊಬ್ಬ ಕಾಲೇಜು ತಂಡದಲ್ಲಿದ್ದಾನೆ, ಹೋಗಬೇಕಾ ಇರಬೇಕಾ ಅಂತ ಕೇಳ್ತಿದ್ದಾನೆ, ಏನು ಹೇಳಲಿ ಅಂದ. ಈ ಸಲ ಓದಿನ ಮಾತು ನಾನು ಎತ್ತಲಿಲ್ಲ.

“ಎಷ್ಟನೇ ನಂಬರು ಅಂತಿದ್ದಾರೆ?”

“ನಲವತ್ತೈದರ ಆಚೆ.”

“ಮೊಣಕಾಲು?”

“ಗಟ್ಟಿಯಾಗಿದೆ. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ.”

“ಕಾಲೇಜು ಎಷ್ಟು ಕೊಡುತ್ತೆ?”

ಅವನು ಮೊತ್ತ ಹೇಳಿದ. ಎರಡನೇ ಸುತ್ತಿನಲ್ಲಿ ಸಿಗಬಹುದಾದದ್ದಕ್ಕಿಂತ ಜಾಸ್ತಿಯೇ ಇತ್ತು, ಅದೂ ಬರೆದುಕೊಟ್ಟದ್ದು. ಒಂದು ವರ್ಷ ಇರಲಿ ಅಂದೆ. “ನಾನೂ ಅದನ್ನೇ ಅಂದುಕೊಂಡಿದ್ದೆ,” ಅಂದ. ಆಮೇಲೆ ತನ್ನ ಮಗನಿಗೆ ಫೋನ್ ಕೊಟ್ಟ.